ಸನ್ಯಾಸಿ ಪಾರ್ಟು

ಪುಷ್ಯಮಾಸದ ಚಳಿಗೆ ಕಣದ ಸಗಣಿ ಸಾರಣೆ ಬಿಸಿಲೇರಿದರೂ ತಣ್ಣಗೇ ಇತ್ತು. ಸಿ.ಎಸ್. ಪುರದ ಮಗ್ಗುಲಿನ ಆ ಹಳ್ಳಿಯಲ್ಲಿ ಎಲ್ಲರದೂ ಒಕ್ಕಣೆ. ಅಂಜಿನಪ್ಪ ಕೋಳಿ ಕೂಗುವಾಗಲೇ ರಾಗಿ ತೆನೆ ಹರಡಿ, ಎತ್ತು ಕಟ್ಟಿ, ಕಲ್ಲಿನ ಗುಂಡು ಉರುಳಿಸುತ್ತಿದ್ದ. ಚಿಕ್ಕಬೀರಯ್ಯ ಚಪ್ಪಲಿಯನ್ನು ಹೊರಗೇ ಬಿಟ್ಟು ಕಣದೊಳಗೆ ಕಾಲಿಟ್ಟ. ಇಬ್ಬರ ಮನೆಗೂ ಗೋಡೆ ಒಂದೇ. ಮಾತು ನಿಂತು ಎರಡು ವರ್ಷ ದಾಟಿತ್ತು.

ಅಂಜಿನಪ್ಪ ಎತ್ತು ನಿಲ್ಲಿಸಲಿಲ್ಲ. ಚಿಕ್ಕಬೀರಯ್ಯನೂ ಗುಂಡಿನ ಹಿಂದೆ ಸುತ್ತತೊಡಗಿದ.

"ನಿಮ್ಮತ್ತಿಗೆ ರಂಗಮ್ಮಂಗೆ ವಾಸಿ ಆಗಲ್ಲಂತೆ ಕಣೋ. ತುಮಕೂರು ಆಸ್ಪತ್ರೆಯಿಂದ ವಾಪಸ್ ಕಳ್ಸವ್ರೆ. ಮನೇಲೇ ಇಟ್ಕೊಳ್ಳಿ ಅಂದ್ರು."

"ಕೇಳ್ದೆ."

"ನಿನ್ನ ನೋಡ್ಬೇಕಂತೆ. ಉಸುರು ಹೋಗೋದ್ರೊಳಗೆ ನಮ್ಮ ಹೊಸಲು ತುಳೀಬೇಕಂತೆ ನೀನು."

ಎತ್ತುಗಳು ಒಂದು ಸುತ್ತು ಬಂದವು.

ಮಾತು ನಿಂತದ್ದು ಎಪ್ಪತ್ತೇಳರ ಮಳೆಗಾಲದಲ್ಲಿ, ಕೆರೆ ಕೋಡಿ ಬಿದ್ದ ವಾರ. ಅಂಜಿನಪ್ಪನ ಏಳು ವರ್ಷದ ಮಗಳು ರೇವಮ್ಮ ಕೆರೆಯ ಪಾಲಾಗಿದ್ದಳು. ಚಿಕ್ಕಬೀರಯ್ಯನ ಹೆಂಡತಿ, ಮಕ್ಕಳಿಲ್ಲದ ರಂಗಮ್ಮ ದಿನಾ ಬೆಳಿಗ್ಗೆ ಜಡೆ ಹಾಕಿ ಕಳಿಸುತ್ತಿದ್ದ ಹುಡುಗಿ ಅದು.

ಅದಕ್ಕೆ ಮುಂಚಿನ ಬೇಸಿಗೆಯಲ್ಲಿ ಊರಿನವರು ಗುಬ್ಬಿಯಿಂದ ಸೀನರಿ ಪರದೆ ತಂದು ನಾಟಕ ಆಡಿದ್ದರು. ಮಗ ಸತ್ತ ರಾಜನ ಎದುರು ಬರುವ ಸನ್ಯಾಸಿಯ ಪಾರ್ಟು ಚಿಕ್ಕಬೀರಯ್ಯನದು. "ಅಳುವುದೇಕೆ ಮಹಾರಾಜ? ಒಡೆದದ್ದು ಮಡಕೆ. ಅದರೊಳಗಿನ ಬಯಲು ಒಡೆಯಿತೇ?" ಎಂದು ಎತ್ತಿಕೊಂಡು, ಅದನ್ನೇ ಪದವಾಗಿ ಹಾಡಬೇಕು. ಕುಣಿಗಲ್ ಕಡೆಯ ಹಾರ್ಮೋನಿಯಂ ಮೇಷ್ಟ್ರು ಬೆಟ್ಟಸ್ವಾಮಿಯನ್ನು ಅವನು ಅರ್ಥ ಕೇಳಿದ್ದ. "ಅರ್ಥ ಕಟ್ಕಂಡು ಏನ್ಮಾಡ್ತೀಯಯ್ಯ, ಶ್ರುತಿ ಬುಡಬ್ಯಾಡ ಸಾಕು" ಎಂದಿದ್ದರು ಮೇಷ್ಟ್ರು. ಆದರೂ ನೇಗಿಲ ಹಿಂದೆ ನಡೆಯುವಾಗ ಆ ಮಾತು ಅವನ ತಲೆಯೊಳಗೆ ತಾನೇ ಬೆಳೆದಿತ್ತು. ಹೌದಲ್ಲ, ಮಡಕೆ ಮಾಡುವ ಮೊದಲೂ ಬಯಲಿತ್ತು, ಒಡೆದ ಮೇಲೂ ಇರುತ್ತದೆ, ಸಾಯುವುದಾದರೂ ಯಾವುದು? ತನಗೇನೋ ಸಿಕ್ಕಿತು ಎಂದುಕೊಂಡಿದ್ದ.

ಅದಕ್ಕೇ ಜಗಲಿಯ ಮೇಲೆ ಮಗುವನ್ನು ಮಲಗಿಸಿದ್ದಾಗ ಅವನು ಚಟ್ಟಕ್ಕೆ ಬಿದಿರು ಸೀಳಲು ಹೋಗಲಿಲ್ಲ. ಅಂಜಿನಪ್ಪನ ಮುಂದೆ ನಿಂತು ಆ ಮಾತು ಹೇಳಿದ, ಪದ ಹಾಡಿದ. ಅಂಜಿನಪ್ಪ ಅಳು ನಿಲ್ಲಿಸಿ ಅವನ ಮುಖವನ್ನೇ ನೋಡಿದ. ಆಗಲೇ ನಾಟಕದ ಹುಚ್ಚಿನ ಮುದುಕ ಚೌಡಪ್ಪ, ಕಣ್ಣಲ್ಲಿ ನೀರು ತುಂಬಿಕೊಂಡು, ಎಲ್ಲಿದ್ದೇನೆಂಬುದನ್ನೇ ಮರೆತು, "ಒನ್ಸ್ ಮೋರ್!" ಎಂದುಬಿಟ್ಟ. ಅಂದವನೇ ಬಾಯಿಗೆ ಟವಲ್ ಒತ್ತಿಕೊಂಡ. ಆದರೆ ಚಿಕ್ಕಬೀರಯ್ಯನ ಗಂಟಲು ಆಗಲೇ ಎತ್ತಿಕೊಂಡಿತ್ತು. ಎರಡನೇ ಸಲ ಹಾಡಿದ್ದು ಒಂದು ಸ್ವರ ಮೇಲಿನ ಶ್ರುತಿಗೆ. ಮೊದಲಿಗಿಂತ ಚೆನ್ನಾಗಿ.

"ಅವತ್ತು ನಾನು..." ಎಂದು ಕಣದಲ್ಲಿ ಚಿಕ್ಕಬೀರಯ್ಯ ತೊದಲಿದ.

ಅಂಜಿನಪ್ಪ ಎತ್ತಿನ ಬೆನ್ನ ಮೇಲೆ ಕೈಯಿಟ್ಟ. ಗುಂಡು ನಿಂತಿತು.

"ಮೊದ್ಲು ನೀನು ಹೇಳ್ದಾಗ ನಂಬಿದ್ದೆ ಕಣಣ್ಣ. ಕೂಸು ಎಲ್ಲೋ ಐತೆ ಅನ್ನಿಸ್ತು, ದೇವ್ರಾಣೆ. ಎರಡ್ನೇ ಸಲ ರಾಗ ಎಳುದ್ಯಲ್ಲ, ಆಗ ತಿಳೀತು ಇದು ನಾಟಕದ ಮಾತು ಅಂತ. ಕೆರೇಲಿ ಒಂದ್ಸಲ ಹೋದ್ಲು. ನಿನ್ನ ಬಾಯಲ್ಲಿ ಇನ್ನೊಂದ್ಸಲ."

ಅಂಜಿನಪ್ಪ ಎತ್ತುಗಳನ್ನು ಮತ್ತೆ ಹೊಡೆದ.

"ಬತ್ತೀನಿ ಅನ್ನು ಅತ್ತಿಗ್ಗೆ. ಈ ರಾಗಿ ತೂರ್ಬುಟ್ಟು ಬತ್ತೀನಿ. ರಾಶಿ ಬಯಲಲ್ಲಿ ಬುಟ್ಟು ಬರೋಕಾಗಲ್ಲ."

ತೂರಲು ಗಾಳಿ ಬೇಕು. ಅವತ್ತು ಮಧ್ಯಾಹ್ನವೂ ಬೀಸಲಿಲ್ಲ, ಮಾರನೆಯ ದಿನವೂ ಬೀಸಲಿಲ್ಲ. ಹುಣಸೆ ಮರದ ಎಲೆ ಅಲುಗಲಿಲ್ಲ. ಅಂಜಿನಪ್ಪ ರಾತ್ರಿಯೂ ಕಣದಲ್ಲೇ ಮಲಗಿದ; ಆ ಹೊಸ್ತಿಲು ತುಳಿಯದಿರಲು ಅವನಿಗೂ ಒಂದು ನೆವ ಬೇಕಿತ್ತು. ರಂಗಮ್ಮ ಚಾಪೆಯ ಮೇಲಿಂದ ಕೇಳುತ್ತಿದ್ದುದು ಒಂದೇ: "ಗಾಳಿ ಬಂತಾ?"

"ಬತ್ತದೆ ಮಲಕ್ಕೊ," ಎನ್ನುತ್ತಿದ್ದ ಚಿಕ್ಕಬೀರಯ್ಯ.

"ನಂಗೇನಾರ ಆದ್ರೆ ನಿನ್ನ ಮಡಕೆ ಕತೆ ಹೇಳ್ಬ್ಯಾಡ," ಎಂದಳು ಒಮ್ಮೆ. ಉಸಿರು ಕಟ್ಟಿ ಕಟ್ಟಿ ಬರುತ್ತಿತ್ತು. "ನಲವತ್ತು ವರ್ಷ ಬಾವಿಯಿಂದ ನೀರು ಹೊತ್ತೋಳು ನಾನು. ನಂಗೆ ಮಡಕೇನೇ ಬೇಕಾಗಿದ್ದದ್ದು. ಬಯಲು ತಗಂಡು ಏನ್ಮಾಡ್ಲಿ?"

ಅವನು ನಗಲು ನೋಡಿದ, ಆಗಲಿಲ್ಲ. ನೇಗಿಲ ಹಿಂದೆ ಅಷ್ಟು ದಿನ ಕಟ್ಟಿಕೊಂಡಿದ್ದು ಆ ಒಂದು ಮಾತಿಗೆ ನಿಲ್ಲಲಿಲ್ಲ. ಇವಳ ಕೈ, ಇವಳ ಕೆಮ್ಮು, ಇವಳ ಬೈಗುಳ, ಇವು ಯಾವ ಬಯಲಲ್ಲಿ ಉಳಿಯುತ್ತವೆ? ಅಂಜಿನಪ್ಪನಿಗೆ ತಾನು ಕೊಟ್ಟಿದ್ದು ಏನು ಎಂಬುದು ಅವನಿಗೆ ಆಗ ಕಂಡಿತು.

ಮೂರನೆಯ ದಿನ ಹೊತ್ತು ನೆತ್ತಿಗೆ ಬರುವಾಗ ಮೂಡಲಗಾಳಿ ಎದ್ದಿತು. ಹೆಂಚಿನ ಸಂದಿಯಲ್ಲಿ ಅದು ಸುಯ್ ಎಂದದ್ದನ್ನು ರಂಗಮ್ಮ ಕೇಳಿದಳು. ಬಾಗಿಲ ಕಡೆ ಮುಖ ತಿರುಗಿಸಿದಳು. ಕಣದಲ್ಲಿ ಹೊಟ್ಟು ಹಾರಿ ರಾಶಿ ಕಟ್ಟುವಷ್ಟರಲ್ಲಿ ಇಲ್ಲಿ ಉಸಿರು ನಿಂತಿತು. ಮುಖ ಬಾಗಿಲ ಕಡೆಗೇ ಇತ್ತು.

ಅಂಜಿನಪ್ಪ ಓಡಿ ಬಂದಾಗ ಅವನ ತಲೆ, ಹುಬ್ಬುಗಳಲ್ಲೆಲ್ಲ ರಾಗಿ ಹೊಟ್ಟು. ಹೊಸ್ತಿಲು ದಾಟಿದ. ಒಳಗೆ ಹೋಗಿ ರಂಗಮ್ಮನ ಕಾಲು ಮುಟ್ಟಿ ಹೊರಗೆ ಬಂದ. ಜಗಲಿಯಲ್ಲಿ ಜನ ಸೇರಿತ್ತು. ಊರಿನ ಹಿರಿಯ ದೊಡ್ಡರಂಗಯ್ಯ, "ಬೀರಯ್ಯ, ಮನಸ್ಸು ಗಟ್ಟಿ ಮಾಡ್ಕಳಪ್ಪ. ಎಲ್ಲಾರ್ಗೂ ಹೇಳೋನು ನೀನು, ನಿಂಗ್ಯಾರು ಹೇಳಾರು?" ಎಂದ. ಮೂಲೆಯಲ್ಲಿದ್ದ ಚೌಡಪ್ಪ ತಲೆ ತಗ್ಗಿಸಿದ.



ಅಂಜಿನಪ್ಪ ಬಿದಿರ ಗಳಗಳನ್ನು ಅಂಗಳಕ್ಕೆ ಎಳೆದು, ಮಚ್ಚು ತೆಗೆದುಕೊಂಡು ಸೀಳಲು ಕೂತ. ಚಿಕ್ಕಬೀರಯ್ಯ ಹೋಗಿ ಅವನ ಎದುರು ಕುಕ್ಕರಗಾಲಲ್ಲಿ ಕೂತ.

"ಅವತ್ತು ನಾನು ಬಿದ್ರು ಮುಟ್ಲಿಲ್ಲ ಕಣೋ. ನಿನ್ನ ಋಣ ಹೆಂಗೆ ತೀರ್ಸ್ಲಿ?"

"ತೀರಲ್ಲ. ಅದು ಅಂಗೇ ಇರ್ಲಿ ಬುಡು," ಎಂದ ಅಂಜಿನಪ್ಪ. ಹಗ್ಗದ ಒಂದು ತುದಿಯನ್ನು ಅವನ ಕಡೆ ಎಸೆದ. "ಇದನ್ನ ಹಿಡ್ಕ. ಬಿಗಿಯಾಗಿ ಎಳಿ."