ಒಂದೇ ಕಡೆಯ ಎರಡು

ಮಗುವಿನ ರೋಗದ ಹೆಸರು ಗೊತ್ತಾದ ದಿನದಿಂದ ತಂಗಿ ಅದನ್ನು ಅಕ್ಕನ ಕೈಗೆ ಕೊಟ್ಟಿರಲಿಲ್ಲ. ಅಕ್ಕ ಆಸ್ಪತ್ರೆಯ ಕೋಣೆಗೆ ಬಂದರೆ ಮಗುವಿನೊಂದಿಗೆ ಕಿಟಕಿಯ ಕಡೆ ತಿರುಗಿ ಕೂರುತ್ತಿದ್ದಳು.

ಅಕ್ಕನ ಕೆಲಸ ಪ್ರಯೋಗಾಲಯದಲ್ಲಿ ಜೀನ್‌ಗಳನ್ನು ಎಣಿಸುವುದು. ತಂಗಿ ಬಸುರಿಯಾದಾಗ ಅವಳ ರಕ್ತವನ್ನು ತಾನೇ ಪರೀಕ್ಷಿಸಿ, “ಎರಡೂ ಇವೆ ಕಣೇ, ಕಾಲು ಚಾಚ್ಕೊಂಡು ಮಲಗು” ಎಂದಿದ್ದಳು. ಸ್ನಾಯುಗಳನ್ನು ಆಡಿಸುವ ನರಗಳನ್ನು ಕಾಯುವ ಜೀನ್ ಅದು. ಅಪ್ಪನಿಂದೊಂದು, ಅಮ್ಮನಿಂದೊಂದು ಬರಬೇಕು; ಒಂದಿದ್ದರೂ ರೋಗ ಬರುವುದಿಲ್ಲ. ಎರಡಿದ್ದ ಮೇಲೆ ತಂಗಿಯ ಗಂಡನ ರಕ್ತವನ್ನು ಯಾರೂ ಕೇಳಲಿಲ್ಲ. ಈಗ ಮಗುವಿನಲ್ಲಿ ಒಂದೂ ಇಲ್ಲ. ಐದು ತಿಂಗಳಾದರೂ ಕತ್ತು ನಿಂತಿಲ್ಲ. ಅಳುವುದಕ್ಕೂ ಉಸಿರು ಸಾಲದು.

“ಸೀಸೆ ಅದಲುಬದಲು ಮಾಡ್ದೆ ಅಂತ ಒಪ್ಕೊಂಡ್ಬಿಡು” ಎಂದಿದ್ದಳು ತಂಗಿ.

ಅಕ್ಕನಿಗೂ ಒಪ್ಪಿಕೊಳ್ಳುವ ಆಸೆಯಿತ್ತು. ಕೈತಪ್ಪಾಗಿದ್ದರೆ ಬೈಸಿಕೊಂಡು ಕಾಲಿಗಾದರೂ ಬೀಳಬಹುದಿತ್ತು. ಫ್ರಿಜ್ಜಿನಲ್ಲಿ ಉಳಿದಿದ್ದ ತಂಗಿಯ ಮಾದರಿಯನ್ನು ಮತ್ತೆ ಎಣಿಸಿದಳು: ಎರಡೇ. ಆಮೇಲೆ ಅಮ್ಮನ ರಕ್ತ ತೆಗೆದಳು. ಮೂರು ಬಂತು.

ಅಮ್ಮನನ್ನೂ ಕರೆದುಕೊಂಡು ಹೋಗಿ ತಂಗಿಯ ಬೆನ್ನಿಗೇ ಹೇಳಿದಳು: “ಸೀಸೆ ಬದಲಾಗಿಲ್ಲ. ಯಾವ ಕಾಲದಲ್ಲೋ ಮನುಷ್ಯರ ಆ ಕ್ರೋಮೋಸೋಮಿನ ಒಂದು ತುಂಡು ಎರಡಾಯ್ತು. ಆಗ ಈ ಜೀನ್‌ಗೊಂದು ನಕಲು, ಕೈಲಾಗದ ತಮ್ಮ ಹುಟ್ಟಿದ. ಪಾಪು ಇಷ್ಟಾದ್ರೂ ಉಸಿರಾಡ್ತಿರೋದು ಅವನ ದಯೆ. ಆ ಜಾಗ ಇನ್ನೂ ನೆಟ್ಟಗಿಲ್ಲ. ಕೆಲವರಿಗೆ ಅಪ್ಪಂದೋ ಅಮ್ಮಂದೋ ಒಂದೇ ಕಡೆ ಎರಡಿರತ್ತೆ, ಕೆಲವರಿಗೆ ಒಂದು ಕಡೆ ಬರೀ ಖಾಲಿ. ಅಮ್ಮ ನಿಂಗೆ ಎರಡಿರೋ ಕಡೆ ಕೊಟ್ಲು, ಅಪ್ಪ ಖಾಲಿದು ಕೊಟ್ಟು ಹೋದ್ರು. ಪಾಪೂಗೆ ನಿನ್ನಿಂದ ಬಂದಿದ್ದು ಆ ಖಾಲಿದು, ನಿನ್ ಗಂಡನಿಂದ ಬಂದಿದ್ದೂ ಖಾಲಿನೇ. ಯಾವ ಕಡೆ ಎಷ್ಟು ಅಂತ ನಮ್ಮ ಪರೀಕ್ಷೆ ಹೇಳಲ್ಲ.”

“ಹೇಳಲ್ಲ ಅಂತ ನಿಂಗೆ ಆಗ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಅಪರೂಪಕ್ಕೊಬ್ರಿಗೆ ಹಾಗಿರತ್ತೆ. ಬಸುರೀನ ಯಾಕೆ ಹೆದರಿಸ್ಲಿ ಅಂತ ಸುಮ್ನಿದ್ದೆ.”

ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡು, “ಅಕ್ಕಂಗೇ ಎಲ್ಲಾ ಜಾಸ್ತಿ ಕೊಡ್ತೀಯ ಅಂತ ನೀನು ಜಗಳ ಆಡ್ತಿದ್ದೆ. ನಿಂಗೂ ಒಂದು ಜಾಸ್ತಿ ಕೊಟ್ಟಿದ್ದೆ, ನೋಡು” ಎಂದಳು.

ಮಗುವಿನ ಗಂಟಲು ಗೊರಗುಟ್ಟಿತು. ಕಫ ಎಳೆಯುವ ನಳಿಕೆಗೆ ಒಬ್ಬರು, ತಲೆಗೆ ಒಬ್ಬರು ಬೇಕು. ತಂಗಿ ದಾದಿಯ ಗಂಟೆ ಒತ್ತಿದಳು; ಯಾರೂ ಬರಲಿಲ್ಲ. ತುಟಿ ನೀಲಿಯಾಗತೊಡಗಿತು.

“ಹಿಡ್ಕೋ” ಎಂದಳು ತಂಗಿ, ಅಕ್ಕನ ಮುಖ ನೋಡದೆ.

ಅಕ್ಕ ಅಂಗೈಯಲ್ಲಿ ಆ ತಲೆಯನ್ನು ಹಿಡಿದಳು. ಕತ್ತಿನ ಕಡೆಯಿಂದ ಒಂದಿಷ್ಟೂ ಆಸರೆಯಿರಲಿಲ್ಲ. ಭಾರವೆಲ್ಲ ಕೈಗೇ ಬಂತು. ನಳಿಕೆ ಸದ್ದು ಮಾಡಿತು. ಮಗು ಹೊಳೆಯುವ ಕಣ್ಣುಗಳಿಂದ ಇಬ್ಬರನ್ನೂ ನೋಡಿತು.

“ಸಾಕು, ಕೊಡು.” ತಂಗಿ ಮಗುವನ್ನು ಎತ್ತಿಕೊಂಡು ಮತ್ತೆ ಕಿಟಕಿಗೆ ತಿರುಗಿದಳು. “ಹೋಗ್ಬೇಡ. ಇನ್ನೊಂದ್ಸಲ ಬೇಕಾಗತ್ತೆ. ಆದ್ರೆ ಮಾತಾಡ್ಬೇಡ.”

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು.