ಸುಲ್ತಾನಬಿ ಕೊಟ್ಟ ಎರೆ ಮಣ್ಣು

ನಮ್ಮೂರಿನ ಫರಸಿ ಕಲ್ಲಿನ ಖಣಿ ಮುಚ್ಚುವಾಗ, ಮೇಲೆ ಎರೆ ಮಣ್ಣು ಹಾಕಬೇಡಿ ಎಂದು ಶಾಂಭವಿ ಹೇಳಿದ್ದಳು. ನಾವು ಹಾಕಿದೆವು.

ಎರೆ ಹೊಲದವರಿಗೆ ಅಂಥ ಮಾತು ಹೇಳಿದರೆ ಯಾರು ಕೇಳುತ್ತಾರೆ? ಬರೀ ಗರಸು, ಕಲ್ಲುಹರಳಿನ ನೆಲ ಕಂಡರೆ ನಮಗೆ ಮೈಮೇಲೆ ಅಂಗಿ ಇಲ್ಲದವನನ್ನು ಕಂಡಂತೆ. ನೆಲೋಗಿಯ ಆಚೆ ನಮ್ಮೂರಿನ ಗಾಯರಾಣವಿದೆ, ದನ ಮೇಯಲೆಂದು ಬಿಟ್ಟ ಊರ ಜಮೀನು. ಹಿಂದೆ ಅಲ್ಲಿ ಚಿಗರಿ ಹಿಂಡುಗಟ್ಟಿ ಮೇಯುತ್ತಿದ್ದವು. ಆಮೇಲೆ ಹಾಸುಗಲ್ಲು ತೆಗೆಯಲು ಕೊಟ್ಟರು. ಕಲ್ಲು ತೀರಿತು, ಗುತ್ತಿಗೆದಾರ ಹೋದ, ಗುಂಡಿಗಳು ಉಳಿದವು. ಚಿಗರಿಗಳು ನಮ್ಮ ಕಡಲೆ, ತೊಗರಿಗೆ ಬಾಯಿ ಹಾಕಿದವು.

ಕಲಬುರಗಿಯಿಂದ ಶಾಂಭವಿ ಬಂದಳು. ವನ್ಯಜೀವಿಗಳ ಕೆಲಸ ಮಾಡುವ ಹುಡುಗಿ. ಗುಂಡಿ ಮುಚ್ಚಿ ಮೊದಲಿನ ಹುಲ್ಲು ಬೆಳೆಸಿದರೆ ಚಿಗರಿ, ನರಿ, ನೆಲಗುಬ್ಬಿ ಎಲ್ಲ ತಿರುಗಿ ಬರುತ್ತವೆ ಎಂದಳು. ಪಂಚಾಯ್ತಿ ಒಪ್ಪಿತು. ಕೆಲಸಕ್ಕೆ ನನ್ನ ಟ್ರ್ಯಾಕ್ಟರ್ ಹಚ್ಚಿದರು. ಖಣಿಯ ಚೂರುಗಲ್ಲು, ಗರಸು ತುಂಬಿ ನೆಲ ಸಮ ಮಾಡಿದೆವು. ಇಷ್ಟೇ ಸಾಕು, ಇದರ ಮೇಲೆ ಹುಲ್ಲಿನ ಬೀಜ ಉಗ್ಗಿರಿ ಎಂದು ಹೇಳಿ ಅವಳು ಬೇರೆ ಊರಿನ ಕೆಲಸಕ್ಕೆ ಹೋದಳು.

ಆಗ ಬಂದವಳು ಸುಲ್ತಾನಬಿ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ಅವಳ ಗಂಡ ಮಹಮ್ಮದ ಅದೇ ಖಣಿಯಲ್ಲಿ ಕಲ್ಲು ಎಬ್ಬಿಸಿ ಮುದುಕನಾಗಿ, ಹಿಂದಿನ ವರ್ಷ ತೀರಿಕೊಂಡಿದ್ದ. ಹೊಲದಲ್ಲಿ ಹೊಂಡ ತೋಡಿಸಿದಾಗ ಎದ್ದ ಎರೆ ಮಣ್ಣು ಅವಳ ಬದುವಿನ ಮೇಲೆ ಗುಡ್ಡದಂತೆ ಬಿದ್ದಿತ್ತು.

"ಅಮರ್ಯಾ, ಟ್ರಾಲಿ ಹಚ್ಚು. ಆ ಮಣ್ಣೆಲ್ಲಾ ಖಣಿಗಿ ಹಾಕು."

"ಖಾಲಾ, ಬಂಗಾರದಂಥಾ ಮಣ್ಣದ. ನಿಮ್ಮ ಹೊಲಕ್ಕೇ ಹರವ್ರಿ."

"ನಿನ್ನ ಗಂಟೇನು ಹೋಗ್ತದ? ಅವರು ಜಲ್ಮೆಲ್ಲಾ ಆ ನೆಲ ಅಗದು ನಮ್ಮ ಹೊಟ್ಟಿ ತುಂಬ್ಸ್ಯಾರ. ಅವರ ಹೆಸರಿಲೆ ಖೈರಾತ ಇದು."

ಸತ್ತವರ ಹೆಸರಿನ ದಾನ, ಖೈರಾತ ಎಂದ ಮೇಲೆ ಎದುರು ಮಾತಿಲ್ಲ. ಪಂಚಾಯ್ತಿ ಮೆಂಬರ್, ದೊಡ್ಡಪ್ಪ ಅಂತ ಅವನ ಹೆಸರು, ಅವನೂ ಹಾಕು ಎಂದ, ಊರವರೂ ಹಾಕು ಎಂದರು. ಮಣ್ಣು ಹರವಿದ ಮೇಲೆ ಆ ನೆಲ ಎಷ್ಟು ಚಂದ ಕಂಡಿತೆಂದರೆ, ಜೋಳ ಬಿತ್ತಲು ನನ್ನ ಕೈ ತುರಿಸಿತು. ಪಡುವಣ ದಿಕ್ಕಿಗೆ ಮಣ್ಣು ಸಾಲಲಿಲ್ಲ. ಅದೊಂದು ಮಗ್ಗುಲು ಬರೀ ಗರಸಾಗಿಯೇ ಉಳಿಯಿತು. ಹುಲ್ಲಿನ ಬೀಜ ಮಾತ್ರ ಎಲ್ಲ ಕಡೆಗೂ ಉಗ್ಗಿದೆವು.

ಎರಡು ಮಳೆಗಾಲ ಹೋದವು. ಎರೆ ಮಣ್ಣು ಬಿದ್ದಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ಬೆಳೆಯಿತು. ಪಡುವಣಕ್ಕೆ ಮಾತ್ರ ಮೊಳಕಾಲುದ್ದದ ಸಣ್ಣ ಹುಲ್ಲು ಬಂತು, ಅದರೊಳಗೆ ಚಿಗರಿಯ ಹಿಕ್ಕೆ ಬಿದ್ದಿತ್ತು.

ಸಂಕ್ರಾಂತಿ ಆದ ಮೇಲೆ ಶಾಂಭವಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತಳು.

"ಹೇಳಿದ್ನಿಲ್ರಿ ಅಣ್ಣಾರ?"

"ಹೇಳಿದ್ರಿ. ಈಗೇನು ಮಾಡ್ಬೇಕು, ಅದು ಹೇಳ್ರಿ."

"ಈ ಹುಲ್ಲು ಬಡ ನೆಲದ್ದು. ಕೊಬ್ಬಿದ ಮಣ್ಣಾಗ ಕಸ ಅದನ್ನ ಏಳಾಕ ಬಿಡಂಗಿಲ್ಲ. ಮಳಿಗಿ ಮೊದಲು ಮಣ್ಣು ಕೆರದು ತೆಗೀಬೇಕು. ಇಲ್ಲಂದ್ರ ಕಸದ ಬೀಜ ಹಾರಿ ಆ ಮಗ್ಗುಲೂ ಹೋಗ್ತದ, ಚಿಗರಿನೂ ಹೋಗ್ತಾವ. ಮಣ್ಣು ಕೊಟ್ಟವರಿಗೇ ವಾಪಸ್ ಕೊಡ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಸತ್ತವರ ಹೆಸರಿಲೆ ಕೊಟ್ಟದ್ದು ತಿರುಗಿ ಮನೀಗಿ ಹೊಗಸ್ತಾರೇನ್ರಿ? ಆ ಮುದುಕಿ ಮುಂದ ಈ ಮಾತು ನೀವೇ ಹೇಳ್ರಿ ನೋಡಮು!"

ದೊಡ್ಡಪ್ಪನನ್ನು ಕರೆದೆವು. ಅವನಿಗೆ ಆಗಲೇ ಸೊಂಟ ಹಿಡಿಯಿತು. ಕೊನೆಗೆ ನಾವಿಬ್ಬರೇ ಹೋದೆವು.

ಖಾಲಾ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಎಲ್ಲ ಕೇಳಿ ಮೊರ ಕೆಳಗಿಟ್ಟಳು.

"ಕೆಟ್ಟ ಮಣ್ಣು ಕೊಟ್ನೇನು ನಾ?"

"ಇಲ್ರಿ ಅಮ್ಮಾ, ಭಾಳ ಛಲೋ ಮಣ್ಣು. ಅದಕ್ಕೇ ತೆಗೀಬೇಕಾಗ್ಯದ," ಎಂದಳು ಶಾಂಭವಿ.

"ಛಲೋ ಅದ ಅಂತ ತೆಗೀತಾರಂತ! ಅಮರ್ಯಾ, ಈ ಹುಡುಗಿಗಿ ಬಿಸಲು ಹತ್ಯದ, ನೀರು ಕುಡಸು." ನಗಲಿಲ್ಲ ಅವಳು. ಕಣ್ಣು ಕೆಂಪಾಗಿದ್ದವು. "ನಮ್ಮವರ ಖೈರಾತ ಅಲ್ಲಾಗ ಕಬೂಲ್ ಆಗಿಲ್ಲ ಅಂದಂಗಾತಲ್ಲ."

ಖಾಲಾ ಸೆರಗು ತಲೆ ಮೇಲೆ ಎಳೆದುಕೊಂಡು ಎದ್ದಳು. "ನಡೀರಿ, ನಾನೇ ನೋಡ್ತೇನಿ."

ಕಾಂಗ್ರೆಸ್ ಕಸದೊಳಗೆ ಅವಳು ಒಬ್ಬಳೇ ನುಗ್ಗಿದಳು. ತೋಳು ತುರಿಸಿಕೊಳ್ಳುತ್ತ ಆಚೆ ಹೊರಬಿದ್ದು ಪಡುವಣ ಮಗ್ಗುಲಿಗೆ ಹೋದಳು. ಹುಲ್ಲು ಒಣಗಿ ಹಳದಿಯಾಗಿತ್ತು. ಕುಕ್ಕರಗಾಲಲ್ಲಿ ಕೂತು ಹುಲ್ಲಿನ ಬುಡ ಬಿಡಿಸಿ ನೋಡಿದಳು. ಗರಸು, ಕಲ್ಲಿನ ಚಕ್ಕೆ, ಅಷ್ಟೇ. ದೂರದಲ್ಲಿ ಎರಡು ಹೆಣ್ಣು ಚಿಗರಿ ತಲೆಯೆತ್ತಿ ನಮ್ಮನ್ನು ನೋಡಿದವು, ಓಡಲಿಲ್ಲ, ಮತ್ತೆ ಮೇಯತೊಡಗಿದವು. ಖಾಲಾ ಬಹಳ ಹೊತ್ತು ಅವನ್ನೇ ನೋಡುತ್ತ ಕೂತಳು.

"ಇಲ್ಲಿ ಯಾರು ಮಣ್ಣು ಹಾಕ್ಯಾರ?"

"ಯಾರೂ ಇಲ್ಲ, ಖಾಲಾ."

"ಹಂಗಾರ ಹೊಟ್ಟಿ ತುಂಬಿದವರ ತಾಟಿಗಿ ಅನ್ನ ಸುರುವೇನಿ ನಾ. ತಪ್ಪು ಮಣ್ಣಿಂದಲ್ಲ, ಕೊಟ್ಟ ಮನಿ ತಪ್ಪ್ಯದ. ಖೈರಾತ ಹಸದವರಿಗಿ ಹೋಗ್ಬೇಕು."

"ನಿಮ್ಮ ಹೊಲಕ್ಕ..."

"ನನ್ನ ಹೊಲಕ್ಕ ಒಂದು ಪುಟ್ಟಿ ಬಿದ್ರೂ ನಿನ್ನ ಟ್ರಾಲಿ ಟೈರಿಗಿ ಕುಡುಗೋಲು ಹಾಕ್ತೇನಿ! ಮಲ್ಕಮ್ಮನ ಮಡ್ಡಿಗಿ ಒಯ್ಯಿ."

ಮಲ್ಕಮ್ಮ ಅದೇ ಖಣಿಯಲ್ಲಿ ಮಹಮ್ಮದ ಎಬ್ಬಿಸಿದ ಕಲ್ಲು ಹೊತ್ತವಳು. ಅವಳ ಮಡ್ಡಿ ಹೊಲದಲ್ಲಿ ಕುಂಟೆ ಹೊಡೆದರೆ ಕಲ್ಲಿನ ಕಿಡಿ ಹಾರುತ್ತದೆ. ಕಸದ ಬೀಜವೂ ಮಣ್ಣಿನ ಜೊತೆ ಬರುತ್ತದೆ ಎಂದು ಶಾಂಭವಿ ಅವಳಿಗೆ ಮುಚ್ಚಿಡದೆ ಹೇಳಿದಳು. "ಬರ್ಲಿ ತಗೋರಿ ಬಾಯಾರ, ನನ್ನ ಕೈಗೇನು ಜಡ್ಡು ಬಂದದ? ಕಿತ್ತು ಒಗೀತೇನಿ," ಎಂದಳು ಮಲ್ಕಮ್ಮ.

ಕಸ ಕಿತ್ತು ಸುಟ್ಟು, ಮಣ್ಣು ಕೆರೆಯಲು ಶುರು ಮಾಡಿದೆವು. ಮೊದಲ ಟ್ರಾಲಿಯ ಜೊತೆ ಖಾಲಾ ತಾನೇ ಬಂದಳು, ನನ್ನ ಪಕ್ಕದ ಮಡ್‌ಗಾರ್ಡ್ ಮೇಲೆ ಕೂತು. ಮಣ್ಣು ಸುರಿದ ಮೇಲೆ ಕೈಯೆತ್ತಿ ಗಂಡನ ಹೆಸರಿಗೆ ಫಾತೇಹಾ ಓದಿದಳು. ಮಲ್ಕಮ್ಮ ಊದುಬತ್ತಿ ಹಚ್ಚಿ, ಒಂದು ಹಿಡಿ ಮಣ್ಣು ಹಣೆಗೆ ಮುಟ್ಟಿಸಿಕೊಂಡಳು.

"ಮಹಮ್ಮದಣ್ಣ ನನ್ನ ಹೊಲಕ್ಕ ಬಂದಂಗಾತು ಬೇ."

"ಇಟಗೋ. ಇದ್ದಾಗಂತೂ ನನ್ನ ಹೊಲದಾಗ ಒಂದಿನಾ ಸಲಿಕಿ ಹಿಡೀಲಿಲ್ಲ ಆತ," ಎಂದಳು ಖಾಲಾ.

ಇಬ್ಬರೂ ನಕ್ಕರು. ನಗುತ್ತಲೇ ಖಾಲಾ ಕಣ್ಣು ಒರೆಸಿಕೊಂಡಳು, ನನ್ನ ಕಡೆ ತಿರುಗಿ, "ನೀ ಏನು ಬಾಯಿ ತಕ್ಕೊಂಡು ನಿಂತೀದಿ? ಮಳಿ ನಿನ್ನ ಸಲುವಾಗಿ ಕಾಯ್ತದೇನು?" ಎಂದು ಬೈದಳು. ನಾನು ಗಾಡಿ ತಿರುಗಿಸಿದೆ.