ಕಪ್ಪು ಬಿಚ್ಚದವಳು

ಪೇಟೆಯ ಕಡೆಯಿಂದ ಹೊಗೆ ಎದ್ದಾಗ ಪೆರಿನಾ ಕಾಳಿನ ಸಾರಿಗೆ ಎಣ್ಣೆ ಬಿಡುತ್ತಿದ್ದಳು. ಗಣಿಯ ಹೊಗೆ ಎಂದುಕೊಂಡಳು. ಆಮೇಲೆ ಗಾಜು ಒಡೆಯುವ ಸದ್ದು ಬಂತು. ಒಂದು ಕಿಟಕಿಯದಲ್ಲ, ಇಡೀ ಬೀದಿಯೇ ಒಡೆದುಬಿದ್ದಂಥ ಸದ್ದು. ಅದರ ಬೆನ್ನಿಗೇ ಗಂಡಸರ ಕೂಗು.

ಯೂರೆ ಮಾವ ಏದುಸಿರು ಬಿಡುತ್ತ ಬಾಗಿಲಿಗೆ ಬಂದ. ಅವಳ ಗಂಡ ಬಾರಿಶಾನ ಊರಿನ ಮುದುಕ. ಗಣಿಯ ದೂಳು ಕುಡಿದು ಕುಡಿದು ಎದೆ ಹರಕು ತಿದಿಯಾಗಿತ್ತು. ಅವಳ ಮನೆಯಲ್ಲೇ ಅವನ ಊಟ.

“ಏ ಹುಚ್ಚಿ, ಸಾರು ತಿರುವ್ತಾ ನಿಂತಿದೀಯಾ? ಇಟಲಿಯವನ ಹೋಟ್ಲಿಗೆ ಬೆಂಕಿ ಇಟ್ರು. ಅದು ಮುಗಿದ ಮೇಲೆ ಇಲ್ಲಿಗೇ ಬರೋದು. ಎಲ್ರೂ ಕಾಡಿಗೆ ಹೊರಟ್ರು. ಏಳು, ಕಂಬಳಿ ತಗೋ.”

“ಬಾರಿಶಾ ಗಣಿಯೊಳಗಿದಾನೆ.”

“ಗಣಿಯೊಳಗಿದ್ರೆ ನಮಗಿಂತ ಕ್ಷೇಮವಾಗಿದಾನೆ ಬಿಡು. ಅಷ್ಟು ಕೆಳಗೆ ಯಾವನು ಹೋಗಿ ಬೆಂಕಿ ಇಡ್ತಾನೆ?”

“ಪಾಳಿ ಮುಗಿದ ಮೇಲೆ ಮೇಲೆ ಬರ್ತಾನಲ್ಲ ಮಾವ. ಬಂದೋನು ಯಾವ ದಾರೀಲಿ ಮನೆಗೆ ಬರ್ತಾನೆ?”

ಇದ್ದದ್ದು ಒಂದೇ ದಾರಿ, ಅದು ಪೇಟೆಯ ನಡುವೆ ಹಾದು ಬರುತ್ತಿತ್ತು. ಬಳಸಿಕೊಂಡು ಹೋಗೋಣವೆಂದರೆ ಈ ಮಗ್ಗುಲಿಗೆಲ್ಲ ಗಣಿಯ ಕೆಸರು ಹೊಂಡಗಳು, ಕಾಲಿಟ್ಟರೆ ಸೊಂಟದವರೆಗೆ ಹೂತುಹೋಗುವಂಥವು. ಬಾರಿಶಾನಿಗೆ ಮೇಲೆ ನಡೆಯುತ್ತಿದ್ದ ಯಾವುದೂ ಗೊತ್ತಿರಲಿಲ್ಲ. ಊಟದ ಡಬ್ಬಿ ಬೀಸಿಕೊಂಡು, ಎಂದಿನ ಹಾಗೆ ಸಿಳ್ಳೆ ಹಾಕುತ್ತ, ಆ ಜನರ ನಡುವೆ ಬಂದು ನಿಲ್ಲುವವನಿದ್ದ.

ಆದದ್ದು ಇಷ್ಟು. ನೆಡ್ ಟಿಯರ್ನಿ ಎಂಬ ಹುಡುಗ, ಫುಟ್‌ಬಾಲ್ ಆಟಗಾರ, ವಿಲ್ಗಾರಾ ಎಂಬ ಈ ಗಣಿಯೂರಿಗೆಲ್ಲ ಕಣ್ಮಣಿ. ಹಿಂದಿನ ದಿನ ಇಟಲಿಯವನ ಹೋಟೆಲಿನಲ್ಲಿ ಕುಡಿದು ಜಗಳ ತೆಗೆದ. ಹೋಟೆಲಿನವನು ಹೊರಗೆ ನೂಕಿದ. ಕಲ್ಲಿನ ಅಂಚಿಗೆ ತಲೆ ಬಡಿದು ಹುಡುಗ ಸತ್ತ. ನೂಕಿದವನು ಒಬ್ಬ. ಆದರೆ ಊರಿನವರಿಗೆ ಇಟಲಿಯವರೂ ಒಂದೇ, ಸಮುದ್ರದಾಚೆಯ ಡಾಲ್ಮೇಶಿಯದಿಂದ ಬಂದ ಪೆರಿನಾಳ ಜನರೂ ಒಂದೇ. ಎಲ್ಲರನ್ನೂ ಕೂಡಿಸಿ ‘ಡಿಂಗ್’ ಎಂದು ಕರೆದು ಉಗುಳುತ್ತಿದ್ದರು. ಡಿಂಗ್‌ಗಳು ಮೇಸ್ತ್ರಿಗೆ ವೈನು ಕುಡಿಸಿ ಕೆಲಸ ಗಿಟ್ಟಿಸುತ್ತಾರೆ, ನಮ್ಮ ಗಂಡುಮಕ್ಕಳು ಖಾಲಿ ಕೂರುತ್ತಾರೆ ಎಂಬ ಮಾತು ವರ್ಷಗಳಿಂದ ಒಳಗೊಳಗೇ ಬೇಯುತ್ತಿತ್ತು. ಹಾಳಾದ್ದು, ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಮೇಸ್ತ್ರಿ ಕೇಳುತ್ತಿದ್ದ, ಇವರು ಕೊಡುತ್ತಿದ್ದರು. ಕೇಳಿದವನ ಮನೆಗೆ ಮಾತ್ರ ಯಾರೂ ಬೆಂಕಿ ಇಡಲಿಲ್ಲ.

ಪೆರಿನಾ ಒಲೆಗೆ ನೀರು ಸುರಿದಳು. “ನೀನು ನಡಿ ಮಾವ. ನಾನು ಅವನನ್ನ ಕರಕೊಂಡು ಬರ್ತೀನಿ.”

“ನಿನ್ನನ್ನ ಯಾರು ಕರಕೊಂಡು ಬರ್ತಾರೆ?” ಎಂದು ಮುದುಕ ಕೂಗಿದ. ಅವಳು ಆಗಲೇ ಹೊಸ್ತಿಲು ದಾಟಿದ್ದಳು.

ಪಕ್ಕದ ಮನೆಯ ಎಲ್ಸಿ ಪ್ರಾಟ್ ಬೆಂಕಿ ಇಡುವವರು ಮುಟ್ಟದಿರಲೆಂದು ತನ್ನ ತಗಡಿನ ಗೋಡೆಗೆ ಸುಣ್ಣದಲ್ಲಿ ದೊಡ್ಡದಾಗಿ ‘ಇಲ್ಲಿ ಬ್ರಿಟಿಷರಿದ್ದಾರೆ’ ಎಂದು ಬರೆಯುತ್ತಿದ್ದಳು. ಗಂಡ ಸತ್ತವಳು. ಪೆರಿನಾಳಿಗೆ ಈ ಊರಿನಲ್ಲಿ ಇಂಗ್ಲಿಷ್ ಕಲಿಸಿದವಳು ಅವಳೇ, ಅದರಲ್ಲಿ ಅರ್ಧ ಬೈಗುಳ.

“ಎಲ್ಸೀ, ನಾನು ಗಣಿಗೆ ಹೋಗ್ಬೇಕು.”

“ತಲೆ ಕೆಟ್ಟಿದೆಯಾ? ಆ ಕರೀ ಬಟ್ಟೇಲಾ? ಮೈಲಿ ದೂರದಿಂದ ಡಿಂಗ್ ಹೆಂಗಸು ಅಂತ ಗೊತ್ತಾಗುತ್ತೆ. ಒಳಗೆ ಬಾ, ನನ್ನ ಹೂವಿನ ಫ್ರಾಕ್ ಹಾಕ್ಕೋ. ಹೊಟ್ಟೆ ಹತ್ರ ಬಿಗಿ ಆಗುತ್ತೆ, ಉಸಿರು ಹಿಡ್ಕೊಂಡು ನಡಿ.”

ಪೆರಿನಾ ಅಲ್ಲಾಡಲಿಲ್ಲ. ಅವಳು ಕಪ್ಪು ಉಟ್ಟದ್ದು ಮೊದಲು ತಾಯಿ ಸತ್ತ ದುಃಖಕ್ಕೆ. ಅದರ ಗಡುವು ಮುಗಿಯುವ ಮುಂಚೆ ಅಣ್ಣ ಕಡಲಲ್ಲಿ ಹೋದ. ಇಲ್ಲಿಗೆ ಬಂದ ಮೇಲೆ ಮಗು ಜ್ವರದಲ್ಲಿ ಹೋಯಿತು. ಅವರ ಕಡೆ ಕಪ್ಪುಟ್ಟವಳು ಗಡುವಿಗೆ ಮುಂಚೆ ಅದನ್ನು ಬಿಚ್ಚಿದರೆ, ಮನೆಯಲ್ಲಿ ಇನ್ನೊಬ್ಬರ ಶವಪೆಟ್ಟಿಗೆಗೆ ಬಡಗಿಗೆ ಅಳತೆ ಕೊಟ್ಟ ಹಾಗೆ. ಅವಳ ಚಿಕ್ಕಮ್ಮ ಒಂದು ಮದುವೆಗೆಂದು ಬಿಚ್ಚಿ ನೀಲಿ ಉಟ್ಟಳು. ಚಿಕ್ಕಪ್ಪ ಆ ವಾರವೇ ಮಾಡಿನಿಂದ ಬಿದ್ದು ಸತ್ತ. ಇದನ್ನು ಅವಳು ಕೇಳಿದ್ದಲ್ಲ, ನೋಡಿದ್ದು. ಗಂಡ ನೆಲದ ಹೊಟ್ಟೆಯೊಳಗೆ ಇರುವಾಗ, ಅದೂ ಇಂಥ ದಿನ, ಅವಳ ಕೈ ರವಿಕೆಯ ಗುಂಡಿಯ ಹತ್ತಿರ ಹೋಗಲೇ ಇಲ್ಲ.

“ಬಿಚ್ಚಲ್ಲ.”

“ಬಟ್ಟೆ ಕಣೇ ಅದು!”

“ಬಿಚ್ಚಿದ್ರೆ ಅವನು ಸಾಯ್ತಾನೆ.”

“ಬಿಚ್ಚದಿದ್ರೆ ನೀನು ಸಾಯ್ತೀಯ, ಕತ್ತೆ ಹೆಂಗಸೇ.” ಎಲ್ಸಿ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಒಳಗೆ ಹೋದಳು. ಗಂಡನನ್ನು ಹೂಳಿದ ದಿನ ಹಾಕಿಕೊಂಡಿದ್ದ ಕಪ್ಪು ಹ್ಯಾಟು ತಂದಳು, ಮುಂದೆ ಮುಖ ಮುಚ್ಚುವ ಕಪ್ಪು ಬಲೆ. ಪೆರಿನಾಳ ತಲೆವಸ್ತ್ರ ಕಿತ್ತು ಹ್ಯಾಟು ಒತ್ತಿದಳು. “ಇದೂ ಕಪ್ಪೇ ತಾನೆ? ನಿನ್ನ ಸತ್ತವರಿಗೇನೂ ಬೇಜಾರಾಗಲ್ಲ. ಯಾರು ಏನು ಕೇಳಿದ್ರೂ ಬಾಯಿ ಬಿಡಬೇಡ. ನೀನು ಒಂದು ಮಾತಾಡಿದ್ರೆ ಸಾಕು, ಕತೆ ಮುಗೀತು.”

“ನೀನೂ ಬಾ, ಎಲ್ಸೀ.”

ಎಲ್ಸಿ ಗೋಡೆಯ ಕಡೆ ನೋಡಿದಳು. “ನನಗೆ ಮಕ್ಕಳಿದಾವೆ ಪೆರಿನಾ.”

ಬೀದಿ ಕಾದ ಬಾಣಲೆಯ ಹಾಗಿತ್ತು. ಪೆರಿನಾ ಗೋಡೆಗೆ ಅಂಟಿಕೊಂಡು ನಡೆದಳು. ಓಡಬಾರದು ಎಂದು ಗೊತ್ತಿತ್ತು, ಓಡಿದವಳನ್ನು ನಾಯಿಯೂ ಅಟ್ಟುತ್ತದೆ. ಇಟಲಿಯ ದರ್ಜಿಯ ಅಂಗಡಿ ಬಾಯಿ ತೆರೆದು ನಿಂತಿತ್ತು. ಒಬ್ಬ ಹೊಲಿಗೆ ಯಂತ್ರ ಹೊತ್ತುಕೊಂಡು ಹೋಗುತ್ತಿದ್ದ, ಅವನ ಹೆಂಡತಿ ಹಿಂದಿನಿಂದ “ಬೀಳಿಸಬೇಡ್ರೀ, ಹೊಸದು!” ಎನ್ನುತ್ತಿದ್ದಳು. ಹಬ್ಬದ ಮುಖ. ಪೆರಿನಾಳಿಗೆ ಬೆಂಕಿಗಿಂತ ಆ ಮುಖ ಕಂಡೇ ಹೆಚ್ಚು ಭಯವಾಯಿತು.

ಮೂಲೆ ತಿರುಗಿದಳು. ಎದುರಿಗೆ ಜನ. ಇಡೀ ರಸ್ತೆ ತುಂಬ ಗಂಡಸರು, ಕೈಯಲ್ಲಿ ಗುದ್ದಲಿಯ ಕಾವು, ಬಾಟಲಿ, ಕಬ್ಬಿಣ. ಅವಳು ಬಂದ ಕಡೆಗೇ ಹೊರಟಿದ್ದರು.

ಮುಂದಿದ್ದ ದಡೂತಿ ಮನುಷ್ಯನೊಬ್ಬ ಅವಳನ್ನು ನೋಡಿ ಗಕ್ಕನೆ ನಿಂತ. ಕಣ್ಣು ಕೆಂಪಗಿತ್ತು, ಅತ್ತದ್ದೂ ಇರಬಹುದು, ಕುಡಿದದ್ದೂ ಇರಬಹುದು.

“ಹ್ಯಾಟು ತೆಗೀರೋ!” ಎಂದು ಅವನು ಅರಚಿದ. “ತೆಗೀರೋ ಹಂದಿಗಳಾ! ನೆಡ್‌ನ ತಾಯಿ ಕಣ್ರೋ! ಪರ್ತ್‌ನಿಂದ ಇವತ್ತಿನ ರೈಲಿಗೆ ಬರ್ತಾರೆ ಅಂದಿರ್ಲಿಲ್ವಾ?”

ಗದ್ದಲ ಒಮ್ಮೆಗೇ ಅಡಗಿತು. ಒಂದೊಂದಾಗಿ ತಲೆಗಳು ಬೋಳಾದವು. ಕಬ್ಬಿಣ ಹಿಡಿದ ಕೈಗಳು ಬೆನ್ನ ಹಿಂದೆ ಹೋದವು, ಗುರುಗಳ ಮುಂದೆ ಹುಡುಗರು ಮಾವಿನಕಾಯಿ ಬಚ್ಚಿಡುವ ಹಾಗೆ. ಪೆರಿನಾಳಿಗೆ ತಾಯಿ ಎಂಬ ಮಾತು ಅರ್ಥವಾಯಿತು, ಯಾರ ತಾಯಿ ಎಂಬುದು ಒಂದು ಗಳಿಗೆಯ ಮೇಲೆ ಅರ್ಥವಾಯಿತು. ಬಲೆಯ ಹಿಂದೆ ಬೆವರು ಕಣ್ಣಿಗಿಳಿಯಿತು.

“ನಾನು ಕಾನ್ಲನ್ ಅಮ್ಮಾ, ನೆಡ್‌ನ ಜೊತೆ ಆಡ್ತಿದ್ದೆ.” ದಡೂತಿ ಅವಳ ತೋಳು ಹಿಡಿದುಕೊಂಡ. ಬೀರಿನ ವಾಸನೆ. “ಚಿನ್ನದಂಥ ಹುಡುಗ ಅಮ್ಮಾ. ಡಿಂಗ್ ನನ್ನ ಮಕ್ಕಳು ಕೊಂದುಬಿಟ್ರು. ಈಗ ಅವರ ಗುಡಿಸಲುಗಳಿಗೇ ಹೊರಟಿದೀವಿ. ನೀವು ಎಲ್ಲಿಗೆ ಹೋಗ್ಬೇಕು, ಹೇಳಿ. ಚರ್ಚಿಗಾ? ಹುಡುಗ ಮಲಗಿರೋ ಮನೆಗಾ? ಎಲ್ಲಿಗೆ ಅಂದ್ರೆ ಅಲ್ಲಿಗೆ ನಾನು ಬಿಡ್ತೀನಿ.”

ಬಾಯಿ ಬಿಡುವ ಹಾಗಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ ಒಂದು ಜಾಗ. ಅವಳು ಕೈ ಎತ್ತಿ ಗಣಿಯ ಗೋಪುರವನ್ನು ತೋರಿಸಿದಳು. ಅದರ ತುದಿಯಲ್ಲಿ, ಆಳುಗಳನ್ನು ಮೇಲೆತ್ತುವ ದೊಡ್ಡ ಗಾಲಿ ತಿರುಗಲು ಶುರುವಾಗಿತ್ತು.

ಕಾನ್ಲನ್ ಆ ಬೆರಳಿನ ಗುರಿ ಹಿಡಿದು ನೋಡಿದ. ಆಮೇಲೆ ಅವನ ಮುಖ ಅರಳಿತು.

“ನೋಡಿದ್ರೇನ್ರೋ! ನಮಗೆ ಹೊಳೀಲಿಲ್ಲ, ಹೆತ್ತ ಹೊಟ್ಟೆಗೆ ಹೊಳೀತು! ಪಾಳಿ ಬಿಡೋ ಹೊತ್ತು. ಡಿಂಗ್‌ಗಳು ಈಗ ಅಲ್ಲೇ ಮೇಲೆ ಬರೋದು. ಖಾಲಿ ಗುಡಿಸಲು ಸುಟ್ಟು ಏನು ಮಾಡ್ತೀರಾ? ಗಣಿಗೆ ನಡೀರಿ!”

ಜನ ತಿರುಗಿದರು. ಹರಿಯುವ ಕೆಸರು ತಿರುಗಿದ ಹಾಗೆ, ಅಷ್ಟೂ ಜನ. ಪೆರಿನಾಳ ಕೈ ಇನ್ನೂ ಗಾಳಿಯಲ್ಲೇ ಇತ್ತು. ಗಂಡನನ್ನು ಇವರಿಂದ ತಪ್ಪಿಸಲು ಬಂದವಳು ಇವರನ್ನೇ ಕಟ್ಟಿಕೊಂಡು ಗಂಡನ ಬಳಿಗೆ ನಡೆದಳು, ಎಲ್ಲರಿಗಿಂತ ಮುಂದೆ, ಮದುಮಗಳ ಹಾಗೆ ತೋಳು ಹಿಡಿಸಿಕೊಂಡು. ಹೆಜ್ಜೆ ನಿಧಾನ ಮಾಡಿದರೆ ಕಾನ್ಲನ್ “ಸುಸ್ತಾಯ್ತಾ ಅಮ್ಮಾ?” ಎಂದು ಇನ್ನೂ ಬಲವಾಗಿ ಹಿಡಿದು ನಡೆಸುತ್ತಿದ್ದ. ಕುಸಿದು ಬೀಳೋಣವೆನಿಸಿತು. ಬಿದ್ದರೆ ಬಲೆ ಎತ್ತಿ ಮುಖಕ್ಕೆ ನೀರು ಹಾಕುತ್ತಾರೆ.

ಗಣಿಯ ಗೇಟಿನಲ್ಲಿ ಕಾವಲಿನವನು ಇರಲಿಲ್ಲ. ಇವರ ಸದ್ದು ಕೇಳಿಯೇ ಓಡಿದ್ದ. ಕಬ್ಬಿಣದ ಪಂಜರ ದಡಾರನೆ ಮೇಲೆ ಬಂದು ನಿಂತಿತು. ಬಾಗಿಲು ತೆಗೆದುಕೊಂಡು ದೂಳು ಮೆತ್ತಿದ ಆಳುಗಳು ಬೆಳಕಿಗೆ ಕಣ್ಣು ಕಿರಿದು ಮಾಡುತ್ತ ಹೊರಬಂದರು. ಊರಿನವರನ್ನು ಜನ ಹೆಸರು ಹಿಡಿದು ಈಚೆ ಎಳೆದುಕೊಂಡರು. ಉಳಿದವರು ಇಬ್ಬರು. ಒಬ್ಬ ಬಾರಿಶಾ. ಇನ್ನೊಬ್ಬ ಮಾರ್ಕೊ, ಪೆರಿನಾಳ ಮನೆಯಲ್ಲೇ ಉಂಡು ಮಲಗುವ ಹುಡುಗ, ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಬಾರಿಶಾ ಜನರನ್ನು ನೋಡಿದ, ಕಬ್ಬಿಣಗಳನ್ನು ನೋಡಿದ, ಆಮೇಲೆ ಕಪ್ಪುಟ್ಟ ಹೆಂಗಸನ್ನು ನೋಡಿದ. ಆ ರವಿಕೆಯ ತೇಪೆ, ಆ ಚಪ್ಪಟೆ ಬೂಟು ಅವನಿಗೆ ಗೊತ್ತಾಗದೆ ಇರುತ್ತದೆಯೇ? ಅವನ ತುಟಿ ಅವಳ ಹೆಸರಿಗೆಂದು ತೆರೆಯಿತು.

ಅವನು ಆ ಹೆಸರು ಕೂಗಿದರೆ ಇಬ್ಬರೂ ಅಲ್ಲೇ ಮುಗಿದರು.

“ಇವರೇ ಅಮ್ಮಾ,” ಎಂದ ಕಾನ್ಲನ್. “ಮೊದಲ ಏಟು ನಿಮ್ಮದು. ಆಮೇಲೆ ನಮಗೆ ಬಿಡಿ.”

ಪೆರಿನಾ ಅವನ ಕೈ ಕೊಡವಿ ಮುಂದೆ ನುಗ್ಗಿದಳು. ತೆರೆಯುತ್ತಿದ್ದ ಆ ಬಾಯಿಯ ಮೇಲೇ ಬಾರಿಸಿದಳು. ಮೆಲ್ಲಗೆ ಅಲ್ಲ, ಮೆಲ್ಲಗೆ ಹೊಡೆದರೆ ಯಾರು ನಂಬುತ್ತಾರೆ? ಹಿಟ್ಟು ನಾದಿ ಗಟ್ಟಿಯಾದ ಕೈ. ತುಟಿ ಒಡೆದು ದೂಳಿನ ಮೇಲೆ ರಕ್ತ ಇಳಿಯಿತು. ಇನ್ನೊಂದು ಕೊಟ್ಟಳು. ಮತ್ತೊಂದು.

“ಹಾಗೆ ಕೊಡಮ್ಮಾ!”

“ಬಲಗೈಲಿ ಕೊಡು, ಬಲಗೈಲಿ!”

“ಲೇ, ಮುದುಕಿ ನಿನಗಿಂತ ಚೆನ್ನಾಗಿ ಹೊಡೀತಾಳಲ್ಲೋ!”

ನಗು ಎದ್ದಿತು. ಅವಳು ಎರಡೂ ಮುಷ್ಟಿಯಿಂದ ಅವನ ಎದೆಗೆ ಗುದ್ದುತ್ತ, ಹಲ್ಲು ಕಚ್ಚಿ, ತಮ್ಮ ಕಡೆಯ ಮಾತಿನಲ್ಲಿ ಉಸಿರಿದಳು: “ಹಿಂದೆ ಹೋಗು. ದಿಬ್ಬದ ಕಡೆ. ಹೋಗು, ಹೋಗು.” ಬಾರಿಶಾ ತಲೆಗೆ ಕೈ ಅಡ್ಡ ಹಿಡಿದು ಎಡವುತ್ತ ಹಿಂದೆ ಹಿಂದೆ ಸರಿದ. ಅವಳು ಹೊಡೆಯುತ್ತ ಅಟ್ಟಿದಳು. ಜನ ನಗುತ್ತ ದಾರಿ ಬಿಟ್ಟರು. ಹೆತ್ತ ತಾಯಿಯ ಸಿಟ್ಟಿಗೆ ಯಾರು ಅಡ್ಡ ಬರುತ್ತಾರೆ?

ಕಲ್ಲುಮಣ್ಣಿನ ದಿಬ್ಬದ ಅಂಚಿಗೆ ಬಂದಾಗ ಅವಳು ಒಮ್ಮೆ ಹಿಂದೆ ನೋಡಿದಳು. ಮಾರ್ಕೊ ನಿಂತಲ್ಲೇ ನಿಂತಿದ್ದ. ಅವನೂ ಅವಳ ಗುರುತು ಹಿಡಿದಿದ್ದ. ಅದು ಅವನ ಕಣ್ಣಿನಲ್ಲಿ ಹಗಲಿನಷ್ಟು ಸ್ಪಷ್ಟವಾಗಿತ್ತು. ಬೆಳಿಗ್ಗೆ “ಪೆರಿನಾ ಅಕ್ಕ, ಇನ್ನೊಂದು ತುಂಡು ರೊಟ್ಟಿ” ಎಂದು ಕೇಳಿ ತಿಂದು ಹೋದವನು. ಒಂದು ಸಲ ಅಕ್ಕಾ ಎಂದರೆ ಸಾಕಿತ್ತು. ಜನ ಅವನನ್ನು ಬಿಟ್ಟು ಇವಳ ಮೇಲೆ ಬೀಳುತ್ತಿದ್ದರು, ಆ ಗಲಿಬಿಲಿಯಲ್ಲಿ ಅವನು ಓಡಬಹುದಿತ್ತು.

ಅವನು ತುಟಿ ಒಳಕ್ಕೆ ಕಚ್ಚಿಕೊಂಡು ತಲೆ ಬೇರೆ ಕಡೆ ತಿರುಗಿಸಿದ.

“ಇವನನ್ನೂ ಒಂದು ಕೈ ನೋಡ್ಕೊಳ್ಳಿ ಅಮ್ಮಾ!” ಎಂದು ಯಾರೋ ಕೂಗಿದರು. “ಅಮ್ಮನಿಗೆ ಸುಸ್ತಾಗಿದೆ, ಇವನು ನಮ್ಮ ಪಾಲು” ಎಂದು ಇನ್ನೊಬ್ಬ ನಕ್ಕ. ಎಲ್ಲ ಬೆನ್ನುಗಳೂ ಅತ್ತ ತಿರುಗಿದವು. ಪೆರಿನಾ ಗಂಡನನ್ನು ದಿಬ್ಬದ ಮರೆಗೆ ನೂಕಿದಳು.

ಆಮೇಲೆ ಓಡಿದರು. ಗಣಿಯ ಆ ಮಗ್ಗುಲಿಗೆ ಕಾಡು ಹತ್ತಿರವಿತ್ತು, ಕುರುಚಲು ಮರ, ಕೆಂಪು ನೆಲ. ಹಿಂದಿನಿಂದ ಒಂದು ಕೂಗು ಬಂತು. ಮೊದಲು ಮಾರ್ಕೊನ ದನಿ ಎಂದು ಗೊತ್ತಾಗುತ್ತಿತ್ತು. ಆಮೇಲೆ ಯಾರ ದನಿಯೂ ಅಲ್ಲದ ಹಾಗಾಯಿತು. ಆಮೇಲೆ ಜನರ ಗದ್ದಲವೊಂದೇ.

ಒಣಹೊಳೆಯ ತಗ್ಗಿನಲ್ಲಿ ಕಾಲು ಸೋತು ಕುಸಿದರು. ಬಾರಿಶಾ ಏದುಸಿರು ಬಿಡುತ್ತಿದ್ದ. ತುಟಿ ಊದಿ ಮಾತು ತೊದಲುತ್ತಿತ್ತು.

“ಮಾರ್ಕೊ?”

“ನನ್ನನ್ನ ನೋಡಿದ,” ಎಂದಳು ಪೆರಿನಾ. “ಬಾಯಿ ಬಿಡ್ಲಿಲ್ಲ.”

“ಅವರನ್ನ ಯಾರು ಗಣಿಗೆ ಕರಕೊಂಡು ಬಂದಿದ್ದು? ಇಷ್ಟು ವರ್ಷದಲ್ಲಿ ಊರಿನವರು ಹೀಗೆ ಗುಂಪು ಕಟ್ಟಿಕೊಂಡು ಗೇಟಿನೊಳಗೆ ಕಾಲಿಟ್ಟಿರ್ಲಿಲ್ಲ. ನೀನು ಹೇಗೆ ಅವರ ಜೊತೆ ಬಂದೆ?”

ಮರಗಳ ಮೇಲಿನಿಂದ ಹೊಸ ಹೊಗೆ ಏಳುತ್ತಿತ್ತು, ಈ ಸಲ ಅವರ ಮನೆಗಳ ಕಡೆಯಿಂದ. ಬಾರಿಶಾ ಅದನ್ನು ನೋಡಿದ, ಮತ್ತೆ ಅವಳನ್ನು ನೋಡಿದ, ಉತ್ತರಕ್ಕೆ ಕಾಯುತ್ತಲೇ ಇದ್ದ. ಅವನ ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಒರೆಸೋಣವೆಂದು ಪೆರಿನಾ ಕೈ ಎತ್ತಿದಳು. ಬಾರಿಶಾ ಎರಡೂ ತೋಳಿನಿಂದ ಮುಖ ಮುಚ್ಚಿಕೊಂಡು ಹಿಂದಕ್ಕೆ ಸರಿದ.